ದೀಪ ಹಚ್ಚುವ ಹೊತ್ತಿಗೆ ತಾನೇ ಓಡುವ ಪಂಪು

"ಅಣ್ಣಾ, ಅದು ಮತ್ತೆ ತಾನೇ ಶುರುವಾತು."

ತಂಗಿಯ ಫೋನು ಬಂದಾಗ ನಾನು ಹೊನ್ನಾವರದ ನನ್ನ ಅಂಗಡಿಯ ಶಟರನ್ನು ಅರ್ಧ ಎಳೆದಿದ್ದೆ. ಅದನ್ನು ಅರ್ಧಕ್ಕೇ ಬಿಟ್ಟು ಮೆಟ್ಟಿಲ ಮೇಲೆ ಕೂತೆ. ಹಿಂದಿನ ದಿನವಷ್ಟೇ ಸಂತೆಗುಳಿಗೆ ಹೋಗಿ, ಇಡೀ ಹಗಲು ಅವಳ ಗದ್ದೆಯಲ್ಲಿ ಕಳೆದು, ಮತ್ತೆ ಮತ್ತೆ ಕರೆ ಮಾಡಿ ನೋಡಿ, ಎಲ್ಲ ಸರಿಯಿದೆ ಎಂದು ಹೇಳಿ ಬಂದಿದ್ದೆ.

"ನಿನ್ನ ಕೈ ತಾಗಿ ಕರೆ ಹೋಗಿರ್ಬೇಕು" ಎಂದೆ.

"ಪಂಪಿನ ಮೊಬೈಲು ನನ್ನ ಕಣ್ಣೆದುರೇ ಅದೆ. ರಿಂಗೇ ಆಗ್ಲಿಲ್ಲ. ಕೆಳಗೆ ಪಂಪು ಮಾತ್ರ ಹೊಡ್ಕೊಳ್ತಾ ಅದೆ. ಇವ್ರು ಬ್ಯಾಟರಿ ತಕಂಡು ಓಡಿದ್ರು."

ದೂರದಲ್ಲಿ ಅವಳ ಗಂಡ ಏನೋ ಬೈಯುತ್ತಿದ್ದದ್ದು ಕೇಳಿಸಿತು. ನನ್ನನ್ನೇ ಇರಬೇಕು. ಫೋನಿಟ್ಟೆ.

ಬೇರೆಯವರು ಮಾಡಿದ ವಸ್ತು ಕೆಟ್ಟರೆ ನನಗೆ ಬೇಸರವಿಲ್ಲ, ಅದು ನನ್ನ ಅನ್ನ. ನಾನೇ ಮಾಡಿದ್ದು ಕೆಟ್ಟರೆ ಊಟ ಸೇರುವುದಿಲ್ಲ. ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು. ಭಟ್ಕಳದ ಪೇಟೆಯಲ್ಲಿ ಒಬ್ಬ ಉಸ್ತಾದರ ಹತ್ತಿರ ರೇಡಿಯೋ, ಟೇಪು ಬಿಚ್ಚುವುದನ್ನು ಕಲಿತೆ. ಮೊಬೈಲು ಬಂದ ಮೇಲೆ ಅದನ್ನೂ ಬಿಚ್ಚಿದೆ. ಈಗ ಹೊನ್ನಾವರ ಬಸ್ ಸ್ಟಾಂಡಿನ ಹತ್ತಿರ ನನ್ನದೇ ಅಂಗಡಿಯಿದೆ. ನೀರಿಗೆ ಬಿದ್ದ ಮೊಬೈಲು, ಎಲ್ಲರೂ ಕೈಬಿಟ್ಟ ಮೊಬೈಲು ಕಡೆಗೆ ನನ್ನ ಮೇಜಿಗೇ ಬರುತ್ತದೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ದುಡಿದು ಕಲಿತದ್ದು.

ಈ ಪಂಪಿನ ಕತೆ ಶುರುವಾದದ್ದು ತಂಗಿಯ ಅತ್ತೆ ಬಿದ್ದದ್ದರಿಂದ.

ತಂಗಿಗೆ ಊರ ಶಾಲೆಯಲ್ಲಿ ಬಿಸಿಯೂಟದ ಅಡುಗೆಯ ಕೆಲಸ. ಅವಳ ಗಂಡ, ನನ್ನ ಭಾವ, ತೆಂಗಿನಗುಂಡಿಯಿಂದ ಕುಮಟೆಗೆ ಮೀನು ಹೊರುವ ಟೆಂಪೋ ಓಡಿಸುತ್ತಾನೆ. ಬೆಳಕು ಹರಿಯುವ ಮೊದಲು ಹೋದರೆ ಬರುವುದು ಸಂಜೆಗೆ. ಭತ್ತ ಕೊಯ್ದ ಗದ್ದೆಯಲ್ಲಿ ಅವರು ಬದನೆ, ಸೌತೆ, ಅಲಸಂದೆ, ಒಂದಿಷ್ಟು ಶೇಂಗಾ ಹಾಕುತ್ತಾರೆ. ನೀರು ಕೆಳಗಿನ ಹಳ್ಳದ್ದು. ಹಳ್ಳದ ಗುಂಡಿಯಿಂದ ಪಂಪು ನೀರನ್ನು ಮನೆಯ ಹಿಂದಿನ ಟಾಂಕಿಗೆ ಎತ್ತಬೇಕು. ತ್ರೀಫೇಸ್ ಕರೆಂಟು ಬರುವುದು ಹಗಲು, ಸರಿಯಾಗಿ ಶಾಲೆಯ ಹೊತ್ತಿಗೆ. ಸಂಜೆಗೂ ಸ್ವಲ್ಪ ಬರುತ್ತದೆ, ಆದರೆ ಅಷ್ಟರಲ್ಲಿ ಮೇಲಿನ ತೋಟದವರೆಲ್ಲ ಎಳೆದು ಮುಗಿಸಿ ಗುಂಡಿಯಲ್ಲಿ ಕೆಸರಷ್ಟೇ ಉಳಿದಿರುತ್ತದೆ. ಹಾಗಾಗಿ ಹಗಲು ಕರೆಂಟು ಬಂದ ಕೂಡಲೇ ಹಳ್ಳಕ್ಕಿಳಿದು ಸ್ಟಾರ್ಟರಿನ ಬಟನ್ ಒತ್ತುವುದು ಅತ್ತೆಯ ಕೆಲಸವಾಗಿತ್ತು. ಆ ವರ್ಷ ಅವರು ಹಳ್ಳದ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡರು. ತಂಗಿ ಶಾಲೆಗೆ ರಜೆ ಹಾಕಿ ಪಂಪು ಕಾಯಲು ನಿಂತಳು. ಅವಳ ಜಾಗದಲ್ಲಿ ಬದಲಿಯವಳೊಬ್ಬಳು ಬಂದಳು.

ಹೆಡ್ ಮಾಸ್ತರರು ಒಳ್ಳೆಯ ಮಾತಲ್ಲೇ ಹೇಳಿದ್ದರು, ಯುಗಾದಿಯೊಳಗೆ ವಾಪಸ್ ಬಂದರೆ ಸರಿ, ಇಲ್ಲದಿದ್ದರೆ ಬದಲಿಯವಳನ್ನೇ ಇಟ್ಟುಕೊಳ್ಳಬೇಕಾಗುತ್ತದೆ ಎಂದು. ಭಾವನಿಗೆ ಅದೊಂದು ದೊಡ್ಡ ಮಾತೇ ಆಗಿರಲಿಲ್ಲ. "ಆ ಕೆಲ್ಸ ಹೋದ್ರೆ ಹೋತು, ಗದ್ದೆ ಅದೆಯಲ್ಲ" ಎಂದಿದ್ದ. ತಂಗಿ ನನ್ನ ಹತ್ತಿರ ಬಂದು, "ಗದ್ದೆಲಿ ಯಾರ ಸಂಗಡ ಮಾತಾಡೂದು ಅಣ್ಣಾ, ಬದನೆಗಿಡದ ಸಂಗಡ್ವಾ? ಶಾಲೇಲಿ ನಾವು ನಾಲ್ಕು ಜನ ಹೆಂಗಸ್ರು. ಇಷ್ಟು ವರ್ಷದಲ್ಲಿ ನನ್ನದು ಅಂತ ಇರೂದು ಅದೊಂದೇ" ಎಂದಳು. ಅವಳು ಅಳುವವಳಲ್ಲ. ಅವತ್ತೂ ಅಳಲಿಲ್ಲ. ಸೆರಗಿನ ತುದಿಯನ್ನು ಮಾತ್ರ ಬೆರಳಿಗೆ ಸುತ್ತುತ್ತಿದ್ದಳು.

ಭಾವ ಪೇಟೆಯಿಂದ ಮೊಬೈಲಿನಲ್ಲಿ ಪಂಪು ಚಾಲೂ ಮಾಡುವ ರೆಡಿಮೇಡ್ ಪೆಟ್ಟಿಗೆಯೊಂದನ್ನು ತಂದು ನೋಡಿದ್ದ. ಅದನ್ನು ಪಂಪಿನ ಪಕ್ಕದಲ್ಲೇ ಕೂರಿಸಬೇಕು. ಹಳ್ಳದ ತಗ್ಗಿನಲ್ಲಿ ರೇಂಜೇ ಇಲ್ಲ. ಆ ಮನೆಯಲ್ಲಿ ರೇಂಜ್ ಸಿಗುವುದು ಹಿಂದಿನ ಟಾಂಕಿಯ ಹತ್ತಿರ ಮಾತ್ರ, ಅದೂ ಒಂದು ಕಡ್ಡಿ. ಫೋನಲ್ಲಿ ಮಾತಾಡುವವರಿಗೆ ಕೂರಲೆಂದು ಅಲ್ಲೊಂದು ಕಲ್ಲು ಹಾಕಿಟ್ಟಿದ್ದಾರೆ. ಪೆಟ್ಟಿಗೆ ವಾಪಸ್ ಹೋಯಿತು. "ರೆಡಿಮೇಡ್ ಎಂತಕೆ, ನಾನಿಲ್ವಾ" ಎಂದು ನಾನು ಎಲ್ಲರೆದುರು ಹೇಳಿದೆ. ಹೇಳಿದ್ದು ಜಂಬಕ್ಕಲ್ಲ. ಲೆಕ್ಕ ತಲೆಯಲ್ಲಿ ಆಗಲೇ ಕೂತಿತ್ತು.

ಲೆಕ್ಕ ಇಷ್ಟೇ. ಹಳೆಯ ಕೀಪ್ಯಾಡ್ ಮೊಬೈಲೊಂದನ್ನು ಟಾಂಕಿಯ ಹತ್ತಿರ ರೇಂಜಿರುವಲ್ಲಿ ಇಡುವುದು. ಕರೆ ಬಂದಾಗ ಮೊಬೈಲನ್ನು ನಡುಗಿಸಲು ಒಳಗೊಂದು ಪುಟ್ಟ ಮೋಟಾರು ಇರುತ್ತದಲ್ಲ, ಅದನ್ನು ಕಿತ್ತು, ಅದಕ್ಕೆ ಹೋಗುವ ಕರೆಂಟನ್ನು ಹೊರಗೆ ತರುವುದು. ಅದು ನಾನು ಮಾಡಿದ ಸಣ್ಣ ಬೋರ್ಡಿಗೆ ಹೋಗಿ, ಬೋರ್ಡು ಕೆಳಗಿನ ಸ್ಟಾರ್ಟರನ್ನು ಎಳೆಯುವುದು. ತಂಗಿ ಶಾಲೆಯಿಂದ ಒಂದು ಕರೆ ಮಾಡಿದರೆ ಪಂಪು ಶುರು, ಇನ್ನೊಂದು ಮಾಡಿದರೆ ಬಂದ್. ಮೊಬೈಲು ಅವಳ ನಂಬರಿಗೆ ಮಾತ್ರ ನಡುಗುವ ಹಾಗೆ ಹಾಕಿದೆ. ಸಣ್ಣಪುಟ್ಟ ಗಲಾಟೆಗೆ ಬೋರ್ಡು ಬೆಚ್ಚಬಾರದೆಂದು ಒಂದು ಕೆಪಾಸಿಟರನ್ನೂ ಇಟ್ಟೆ. ಅದು ಬಿಂದಿಗೆಯ ಹಾಗೆ. ರಿಂಗು ಸ್ವಲ್ಪ ಹೊತ್ತು ಆಗಿ ಬಿಂದಿಗೆ ತುಂಬಿದರೆ ಮಾತ್ರ ಕೆಲಸ ಮಾಡುತ್ತದೆ, ಇಲ್ಲದಿದ್ದರೆ ಸುಮ್ಮನಿರುತ್ತದೆ.

ಅಂಗಡಿಯಲ್ಲಿ ಅದು ದಿನಗಟ್ಟಲೆ ತಪ್ಪಿಲ್ಲದೆ ನಡೆಯಿತು. ಸಂತೆಗುಳಿಯಲ್ಲಿ ಕೂರಿಸಿದ ಮೊದಲ ದಿನವೇ ಮರ್ಯಾದೆ ತೆಗೆಯಿತು. ಯಾರೂ ಕರೆ ಮಾಡದಿದ್ದರೂ ಕೆಳಗೆ ಸ್ಟಾರ್ಟರು ಟಕಟಕ ಬಡಿದುಕೊಳ್ಳತೊಡಗಿತು. ಒಳಗಿನ ಕೋಣೆಯಲ್ಲಿ ಕಾಲಿಗೆ ಪ್ಲಾಸ್ಟರು ಹಾಕಿಕೊಂಡು ಮಲಗಿದ್ದ ಅತ್ತೆ ಕೂಗಿದರು.

"ತಮಾ, ನಿನ್ನ ಪೆಟ್ಟಿಗೆ ನನ್ನ ರೇಡಿಯೋ ಹಾಳ್ಮಾಡ್ತು ನೋಡು. ವಾರ್ತೆ ಹೇಳೂ ಬದಲು ಬಡಬಡ ಅಂತದೆ."

ಅಲ್ಲಿಗೆ ನನಗೆ ತಿಳಿಯಿತು. ಟವರು ಹತ್ತಿರವಿದ್ದರೆ ಮೊಬೈಲಿಗೆ ಪಿಸುಮಾತು ಸಾಕು. ದೂರವಿದ್ದರೆ ಅದು ಕೂಗಬೇಕು. ಕರೆ ಇಲ್ಲದಿದ್ದರೂ ಆಗಾಗ ಟವರಿಗೆ ನಾನಿಲ್ಲಿದ್ದೇನೆ ಎಂದು ಹೇಳಿಕೊಳ್ಳುತ್ತಿರುತ್ತದೆ. ಹೊನ್ನಾವರದಲ್ಲಿ ಅಂಗಡಿಯ ಹತ್ತಿರವೇ ಟವರು, ಅಲ್ಲಿ ಅದು ಪಿಸುಗುಡುತ್ತಿತ್ತು. ಇಲ್ಲಿ ಒಂದು ಕಡ್ಡಿ ರೇಂಜಿನಲ್ಲಿ ಗಂಟಲು ಹರಿಯುವಂತೆ ಕೂಗುತ್ತಿದೆ. ಆ ಕೂಗು ರೇಡಿಯೋಕ್ಕೆ ನುಗ್ಗಿದ ಹಾಗೆ ಪಕ್ಕದಲ್ಲೇ ಇದ್ದ ನನ್ನ ಬೋರ್ಡಿಗೂ ನುಗ್ಗುತ್ತಿದೆ. ಪೇಟೆಯಲ್ಲಿ ಎಷ್ಟು ಪರೀಕ್ಷೆ ಮಾಡಿದರೂ ಕಾಣದ ರೋಗ.

ಉಪಾಯ ಸುಲಭವಾಗಿ ಕಂಡಿತು. ಕೂಗುವವನಿಂದ ಬೋರ್ಡನ್ನು ದೂರ ಇಡುವುದು. ಬೋರ್ಡನ್ನು ಕೆಳಗೆ ಪಂಪಿನ ಮನೆಗೆ ಒಯ್ದು, ಬಿಸ್ಕಿಟಿನ ತಗಡಿನ ಡಬ್ಬಿಯೊಳಗೆ ಕೂರಿಸಿ, ಡಬ್ಬಿಗೆ ಅರ್ತಿಂಗ್ ಕೊಟ್ಟೆ. ಮೇಲೆ ಟಾಂಕಿಯ ಹತ್ತಿರ ಬರೀ ಮೊಬೈಲು. ಮೊದಲೇ ಎಳೆದಿದ್ದ ಉದ್ದದ ವೈರಿನಲ್ಲಿ ಈಗ ಮೊಬೈಲಿನ ಆ ಸಣ್ಣ ಕರೆಂಟೇ ನೇರ ಕೆಳಗಿಳಿದು ಬರುತ್ತಿತ್ತು. ಟಕಟಕ ನಿಂತಿತು. ಕರೆ ಮಾಡಿದರೆ ಶುರು, ಮಾಡಿದರೆ ಬಂದ್. ಊಟಕ್ಕೆ ಕೂತಾಗ ಭಾವನೇ ಎರಡನೇ ಸಲ ಮೀನು ಬಡಿಸಿದ. ತಂಗಿ ಬರುವ ಸೋಮವಾರ ಬರುತ್ತೇನೆಂದು ಶಾಲೆಗೆ ಹೇಳಿ ಕಳಿಸಿದಳು.

ಅವತ್ತು ಸಂಜೆ ನಾನು ಹೊನ್ನಾವರ ತಲುಪುವುದರೊಳಗೆ ಅವಳ ಫೋನು. ಪಂಪು ತಾನೇ ಓಡುತ್ತಿದೆ. ಸ್ವಲ್ಪ ಹೊತ್ತು ಓಡಿ ತಾನೇ ನಿಂತಿತು. ಮತ್ತೆ ಸ್ವಲ್ಪ ಹೊತ್ತಿಗೆ ಶುರು. ಸೋಮವಾರ ಅವಳು ಶಾಲೆಗೆ ಹೋಗಲಿಲ್ಲ.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ತಲೆ ಕಾಯುತ್ತದೆ. ಅಂಗಡಿ ಮುಚ್ಚಿ ಕುಮಟೆಗೆ ಬಸ್ಸು, ಅಲ್ಲಿ ಸಂತೆಗುಳಿಯ ಬಸ್ಸಿಗೆ ಕಾಯುವುದು, ಹೋಗಿ ನೋಡಿದರೆ ಪಂಪು ಸಾಧು ಹಸುವಿನ ಹಾಗೆ ಹೇಳಿದ ಮಾತು ಕೇಳುತ್ತದೆ. ಇಡೀ ಹಗಲು ಅದರ ಎದುರು ಕೂತರೂ ಒಂದು ತಪ್ಪಿಲ್ಲ. ಮುಳುಗುವ ಹೊತ್ತಿಗೆ ಕಡೆಯ ಬಸ್ಸು ಹಿಡಿದು ನಾನು ಹೊರಟರೆ, ದೀಪ ಹಚ್ಚುವ ಹೊತ್ತಿಗೆ ಅಲ್ಲಿ ಅದರ ಆಟ ಶುರು. ಟ್ರಾನ್ಸಿಸ್ಟರ್ ಬದಲಿಸಿದೆ. ಸ್ಟಾರ್ಟರನ್ನು ಎಳೆಯುವ ರಿಲೇ ಬದಲಿಸಿದೆ. ಮೊಬೈಲನ್ನೇ ಬದಲಿಸಿದೆ. ಬೋರ್ಡನ್ನು ಹೊಸದಾಗಿ ಮಾಡಿದೆ, ನನ್ನ ಜೀವಮಾನದಲ್ಲಿ ಅಷ್ಟು ಚೊಕ್ಕ ಬೆಸುಗೆ ಹಾಕಿದ್ದಿಲ್ಲ. ಬಿಂದಿಗೆ ಸಣ್ಣದಾಯಿತೇನೋ ಎಂದು ದೊಡ್ಡ ಕೆಪಾಸಿಟರ್ ಹಾಕಿದೆ. ಶುರುವಾಗುವುದು ಸ್ವಲ್ಪ ತಡವಾಯಿತು, ಅಷ್ಟೇ. ಅಂಗಡಿಯಲ್ಲಿ ಗಿರಾಕಿಗಳು ಬಾಗಿಲು ನೋಡಿ ವಾಪಸ್ ಹೋಗುತ್ತಿದ್ದರು. ರಿಪೇರಿಗೆ ಬಂದ ಮೊಬೈಲುಗಳು ಹಾಗೇ ಬಿದ್ದಿದ್ದವು. ಮಾತಾಡಿಸಿದವರ ಮೇಲೆಲ್ಲ ರೇಗುತ್ತಿದ್ದೆ.

ಹೀಗೆ ಓಡಿದ ಒಂದು ಸಂಜೆ ಗುಂಡಿಯಲ್ಲಿ ನೀರಿಲ್ಲದೆ ಪಂಪು ಬರೀ ಗಾಳಿ ಎಳೆದು ಅದರ ಸೀಲು ಸುಟ್ಟುಹೋಯಿತು. ಭಾವ ಫೋನ್ ಮಾಡಿದ. ಕೂಗಾಡಿದ್ದರೆ ಚೆನ್ನಾಗಿತ್ತು. ಅವನು ನಿಧಾನವಾಗಿ ಮಾತಾಡಿದ.

"ಭಾವ, ಸೀಲು ನಾನು ಹಾಕಿಸ್ದೆ. ಇನ್ನೊಂದು ಸಲ ಹೀಂಗಾದ್ರೆ ಮೋಟಾರೇ ಹೋಗ್ತದೆ. ನಿಮ್ಮ ತಂಗಿಗೆ ನೀವೇ ಹೇಳಿ, ಶಾಲೆ ಬಿಡು ಅಂತ. ನಾನು ಹೇಳಿದ್ರೆ ನಾನು ಕೆಟ್ಟವ ಆಗ್ತೆ."

ನಾನು ಹೇಳಲಿಲ್ಲ. ಬೋರ್ಡನ್ನು ಕಳಚಿ ತಂದು, ಚೀಲಕ್ಕೆ ಹಾಕಿಕೊಂಡು ಭಟ್ಕಳಕ್ಕೆ ಉಸ್ತಾದರ ಹತ್ತಿರ ಹೋದೆ. ಅವರ ಹತ್ತಿರ ಕೇಳಲು ಹೋಗುವುದೆಂದರೆ ನನಗೆ ಸಣ್ಣ ಮಾತಲ್ಲ. ಸ್ವಂತ ಅಂಗಡಿ ಇಟ್ಟ ಮೇಲೆ ನಾನು ಅವರ ಬಾಗಿಲಿಗೆ ಹೋದದ್ದು ಹಬ್ಬಕ್ಕೆ ಮಾತ್ರ. ಈಗ ಅವರಿಗೆ ವಯಸ್ಸಾಗಿದೆ, ಕಣ್ಣು ಮಂದ. ಚಾರ್ಜರು, ಕವರು ಮಾರಿಕೊಂಡು ಕೂತಿರುತ್ತಾರೆ. ಬೋರ್ಡನ್ನು ಕಣ್ಣ ಹತ್ತಿರ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಚಹಾ ತರಿಸಿದರು. ಮತ್ತೆ ನೋಡಿದರು.

"ಕೆಲ್ಸ ಚೆನ್ನಾಗಿ ಮಾಡಿದೀಯ ಬೇಟಾ. ಇದ್ರಲ್ಲಿ ತಪ್ಪಿಲ್ಲ."

"ತಪ್ಪಿಲ್ಲದಿದ್ರೆ ಪಂಪು ಹ್ಯಾಂಗೆ ತಾನೇ ಓಡ್ತದೆ ಉಸ್ತಾದ್?"

"ಹಗಲು ಓಡೂದಿಲ್ಲ ಅಂತೀಯಲ್ಲ. ಸಂಜೆಗೆ ಆ ಮನೇಲಿ ಎಂತೆಂತ ಚಾಲೂ ಮಾಡ್ತಾರೆ, ನಿಂತು ನೋಡಿದ್ಯಾ?"

"ಎಂತ ಮಾಡ್ತಾರೆ, ದೀಪ ಹಾಕ್ತಾರೆ."

"ದೀಪ ಮಾತ್ರನಾ?"

"ಟೀವಿ ಹಾಕ್ತಾರೆ. ಮಿಕ್ಸರ್ ಹಾಕ್ತಾರೆ. ಎಲ್ಲಾ ಮನೇಲೂ ಹಾಕೂದೇ ಅಲ್ವಾ."

"ನಾನು ಎಲ್ಲಾ ಮನೆ ಕೇಳ್ಳಿಲ್ಲ. ಆ ಮನೆ ಕೇಳ್ದೆ" ಎಂದು ಬೋರ್ಡನ್ನು ನನ್ನ ಕೈಗೆ ಕೊಟ್ಟು ಗಿರಾಕಿಯ ಕಡೆ ತಿರುಗಿದರು.

ಅಷ್ಟು ದೂರ ಹೋದದ್ದಕ್ಕೆ ಇಷ್ಟೇ ಸಿಕ್ಕಿದ್ದೆಂದು ನನಗೆ ಸಿಟ್ಟು ಬಂತು. ತಪ್ಪು ತೋರಿಸಿದ್ದರೆ ಬೈಸಿಕೊಂಡಾದರೂ ಬರುತ್ತಿದ್ದೆ. ತಪ್ಪಿಲ್ಲ ಎಂಬ ಮಾತನ್ನು ಇಟ್ಟುಕೊಂಡು ಏನು ಮಾಡುವುದು. ಭಾವನ ಟೆಂಪೋ ಆ ಹೊತ್ತಿಗೆ ತೆಂಗಿನಗುಂಡಿಯಿಂದ ಹೊರಡುತ್ತದೆಂದು ಗೊತ್ತಿತ್ತು. ಹೈವೇಗೆ ಬಂದು ನಿಂತೆ. ಅವನು ನಿಲ್ಲಿಸಿ ಹತ್ತಿಸಿಕೊಂಡ. ಹಿಂದೆ ಬಂಗಡೆಯ ಪೆಟ್ಟಿಗೆಗಳು. ಐಸು ಕರಗಿದ ನೀರು ರಸ್ತೆಯುದ್ದಕ್ಕೂ ಸುರಿಯುತ್ತಿತ್ತು.

"ಉಸ್ತಾದ್ರು ಎಂತ ಹೇಳಿದ್ರು?"

"ಬೋರ್ಡಲ್ಲಿ ತಪ್ಪಿಲ್ಲ ಅಂದ್ರು."

ಶರಾವತಿ ಸೇತುವೆ ಬಂತು. ಅವನು, "ಬೋರ್ಡನ್ನ ಮೀನಿನ ಸಂಗಡ ಐಸಲ್ಲಿಟ್ಟು ತರೂಕಾಗಿತ್ತು ಭಾವ, ಕೆಡ್ತಿರ್ಲಿಲ್ಲ" ಎಂದ. ಅವನಿಗೇ ನಗು ತಡೆಯಲಾಗಲಿಲ್ಲ. ನಾನು ಕಿಟಕಿಯ ಕಡೆ ಮುಖ ಮಾಡಿ ಕೂತೆ. ಹೊನ್ನಾವರದಲ್ಲಿ ನನ್ನ ಮುಚ್ಚಿದ ಅಂಗಡಿಯ ಎದುರೇ ಟೆಂಪೋ ಹಾದುಹೋಯಿತು. ಇಳಿಯುತ್ತೀರಾ ಎಂದು ಕೇಳಿದ. ಇಲ್ಲ, ನಿಮ್ಮ ಮನೆಗೇ ಬರುತ್ತೇನೆ, ಇವತ್ತು ಅಲ್ಲೇ ಉಳಿಯುತ್ತೇನೆ ಎಂದೆ.

ಕುಮಟೆಯಲ್ಲಿ ಮೀನಿಳಿಸಿ ಸಂತೆಗುಳಿ ತಲುಪಿದಾಗ ಹೊತ್ತು ಮುಳುಗುತ್ತಿತ್ತು. ನಾನು ಚೀಲ ಇಳಿಸದೆ ಹಳ್ಳಕ್ಕಿಳಿದು ಬೋರ್ಡನ್ನು ಹಾಕಿ, ಮೇಲೆ ಬಂದು ಅಂಗಳದಲ್ಲಿ ನಿಂತೆ. ಉಸ್ತಾದರ ಮಾತು ಸಿಟ್ಟು ತರಿಸಿದ್ದರೂ ತಲೆಯಿಂದ ಹೋಗಿರಲಿಲ್ಲ. ತಂಗಿಗೆ ಒಂದೊಂದೇ ಹಾಕು ಎಂದೆ. ಅವಳು ಟ್ಯೂಬ್‌ಲೈಟು ಹಾಕಿದಳು. ಕೆಳಗೆ ಪಂಪು ಸುಮ್ಮನಿತ್ತು. ಟೀವಿ ಹಾಕಿದಳು. ಸುಮ್ಮನೆ. ಮಿಕ್ಸರಿಗೆ ಹಾಕಲು ಬೇರೇನೂ ಇಲ್ಲದೆ ಒಂದು ಹಿಡಿ ಅಕ್ಕಿ ಹಾಕಿ ತಿರುಗಿಸಿದಳು. ಸುಮ್ಮನೆ. ಫ್ಯಾನು, ಇಸ್ತ್ರಿ ಪೆಟ್ಟಿಗೆ, ಬಚ್ಚಲಿನ ದೀಪ. ಏನೂ ಇಲ್ಲ.

"ಅಣ್ಣಾ, ಇನ್ನು ಹಾಕೂಕೆ ಎಂತೂ ಉಳಿಲಿಲ್ಲ. ದೇವರ ದೀಪಕ್ಕೆ ಎಣ್ಣೆ ಹಾಕ್ಲಾ?"

ಭಾವ ಕೈಕಾಲು ತೊಳೆಯಲೆಂದು ಹಿಂದೆ ಹೋದವನು ಬಂದು ಜಗುಲಿಯಲ್ಲಿ ಕೂತ. ಅವನು ತಲೆಯೊರಸಿ ಮುಗಿಸುವುದರೊಳಗೆ ಹಳ್ಳದ ಕಡೆಯಿಂದ ಸ್ಟಾರ್ಟರು ಧಡ್ ಎಂದದ್ದು ಕೇಳಿಸಿತು. ಪಂಪು ಗುಂಯ್ ಎಂದು ಓಡತೊಡಗಿತು.

"ಈಗ ಎಂತ ಮಾಡಿದ್ರಿ?" ಎಂದೆ.

"ನಾ ಎಂತ ಮಾಡ್ಲಿ. ಮುಖ ತೊಳ್ದೆ."

"ಅದ್ಕೂ ಮೊದ್ಲು."

"ಎಂತೂ ಇಲ್ಲ ಮಾರಾಯ್ರೇ. ಬೇಲಿ ಹಾಕಿ ಬಂದೆ."

"ಯಾವ ಬೇಲಿ?"

"ಹಂದಿ ಬೇಲಿ. ದಿನಾ ಹಾಕೂದಲ್ದಾ? ಬೆಳಿಗ್ಗೆ ತೆಗಿಯೂದು, ಸಂಜೆಗೆ ಹಾಕೂದು."

ಸೋಲಾರಿನಲ್ಲಿ ನಡೆಯುವ ಕರೆಂಟ್ ಬೇಲಿ. ಹಂದಿ, ಮುಳ್ಳಂದಿ ಬರದ ಹಾಗೆ ಗದ್ದೆಯ ಸುತ್ತ ಎಳೆದ ತಂತಿ. ಹೆಂಗಸರು ಗದ್ದೆಗಿಳಿಯುತ್ತಾರೆಂದು ಹಗಲು ಅದನ್ನು ಬಂದ್ ಇಡುತ್ತಾರೆ. ನಾನು ಬಂದಾಗಲೆಲ್ಲ ಅದು ಸತ್ತ ತಂತಿ. ಅದನ್ನು ದಾಟಿಕೊಂಡೇ ಹಳ್ಳಕ್ಕೆ ಓಡಾಡಿದ್ದೆ. ಬೇಲಿ ಎಂದು ನೋಡಿದ್ದೆನೇ ಹೊರತು ಕರೆಂಟು ಎಂದು ನೋಡಿರಲಿಲ್ಲ. ಅದು ಆ ಮನೆಯ ಸ್ವಿಚ್ ಬೋರ್ಡಿನಲ್ಲೂ ಇಲ್ಲ, ಕೊಟ್ಟಿಗೆಯ ಗೋಡೆಗೆ ನೇತಾಡುವ ಬೇರೆಯೇ ಒಂದು ಪೆಟ್ಟಿಗೆ.

ಒಳಗಿಂದ ಅತ್ತೆ ಹೇಳಿದರು, "ಅದು ಹಾಕ್ದ ಕೂಡ್ಲೇ ನನ್ನ ರೇಡಿಯೋದಲ್ಲಿ ಟಿಕ್ ಟಿಕ್ ಬತ್ತದೆ ತಮಾ. ಬೇಲಿ ಬಂದಾಗಿಂದ ಬತ್ತದೆ."

"ಇಷ್ಟು ದಿನ ಹೇಳ್ಳೇ ಇಲ್ಲ ನೀವು."

"ನೀ ಕೇಳ್ದದ್ದು ಬಡಬಡ. ಇದು ಟಿಕ್ ಟಿಕ್."

ಭಾವ ಓಡಿಹೋಗಿ ಪಂಪಿನ ಮೇನ್ ಇಳಿಸಿ ಬಂದ. ನಾನು ಅತ್ತೆಯ ರೇಡಿಯೋ ಕೇಳಿ ತೆಗೆದುಕೊಂಡು, ಸ್ಟೇಷನ್ ಇಲ್ಲದ ಜಾಗಕ್ಕೆ ತಿರುಗಿಸಿ, ಕಿವಿಗೆ ಹಿಡಿದುಕೊಂಡು ಟಾಂಕಿಯಿಂದ ಹಳ್ಳದವರೆಗೆ ನನ್ನ ವೈರಿನ ಜೊತೆಯಲ್ಲೇ ನಡೆದೆ. ಭಾವ ಬ್ಯಾಟರಿ ಬೆಳಕು ಬಿಡುತ್ತ ಹಿಂದೆ ಬಂದ. ಪಕ್ಕದ ಗದ್ದೆಯವನೊಬ್ಬ ಬದುವಿನ ಮೇಲೆ ನಿಂತು, "ಎಂತದು, ಕ್ರಿಕೆಟ್ಟಾ? ಎಷ್ಟಾತು?" ಎಂದು ಕೇಳಿದ. ಟಾಂಕಿಯ ಹತ್ತಿರ ಟಿಕ್ ಟಿಕ್ ಸಣ್ಣಗಿತ್ತು. ಬೇಲಿಯ ಮೂಲೆ ಬಂದ ಕೂಡಲೇ ಕಿವಿಗೆ ಹೊಡೆಯುವಷ್ಟು ಜೋರಾಯಿತು. ಅಲ್ಲಿಂದ ಹಳ್ಳದ ತನಕ ಕಡಿಮೆಯಾಗಲೇ ಇಲ್ಲ. ಯಾಕೆಂದರೆ ಅಲ್ಲಿಂದ ಹಳ್ಳದ ತನಕ ನನ್ನ ವೈರು ಬೇಲಿಯ ಕಂಬಗಳ ಮೇಲೆಯೇ ಹೋಗಿತ್ತು, ಬೇಲಿಯ ತಂತಿಗೆ ಗೇಣು ದೂರದಲ್ಲಿ, ಪ್ರತಿ ಕಂಬಕ್ಕೂ ಪ್ಲಾಸ್ಟಿಕ್ ದಾರದಿಂದ ಚಂದವಾಗಿ ಬಿಗಿದು.

ನಾನು ಅಂಗಡಿಯಲ್ಲಿ ಬೋರ್ಡು ಮಾಡುತ್ತಿದ್ದಾಗ ವೈರು ಎಳೆದವನು ಭಾವ. ಹಗಲು ಬಂದು ನೋಡಿದಾಗ ನನಗೂ ಅದರಲ್ಲಿ ಕುಂದು ಕಂಡಿರಲಿಲ್ಲ.

"ಇಲ್ಲಿ ಎಂತಕೆ ಕಟ್ಟಿದ್ರಿ ಭಾವ?"

"ಕಂಬ ಇತ್ತು, ಕಟ್ಟಿದೆ. ಕಂಬ ಇಟ್ಕೊಂಡು ಮತ್ತೆ ಹೊಸ ಕಂಬ ಹುಗಿಯೂದು ಯಾವ ಮಳ್ಳ?"

ಅವನು ಹೇಳಿದ್ದು ಸುಳ್ಳಲ್ಲ. ಆ ಕಡೆ ಯಾರನ್ನು ಕೇಳಿದರೂ ಹಾಗೇ ಮಾಡುತ್ತಾರೆ. ಬೇಲಿ ಕಂಬದ ಮೇಲೆ ಬಟ್ಟೆ ಒಣಗುತ್ತದೆ, ಅಲಸಂದೆ ಬಳ್ಳಿ ಹಬ್ಬುತ್ತದೆ, ಟೀವಿಯ ಕೇಬಲ್ಲೂ ಹೋಗುತ್ತದೆ. ಆದರೆ ಬೇಲಿ ಟಿಕ್ ಎಂದಾಗಲೆಲ್ಲ ಪಕ್ಕದ ವೈರಿನಲ್ಲೂ ಒಂದು ಹನಿ ಕರೆಂಟು ಹುಟ್ಟುತ್ತಿತ್ತು. ಆ ಹನಿಗಳು ಒಂದೊಂದೇ ಇಳಿದು ನನ್ನ ಬಿಂದಿಗೆಯನ್ನು ತುಂಬುತ್ತಿದ್ದವು. ತುಂಬಿದರೆ ಪಂಪು ಶುರು, ಮತ್ತೆ ತುಂಬಿದರೆ ಬಂದ್. ಗಲಾಟೆ ತಡೆಯಲೆಂದು ನಾನೇ ಇಟ್ಟ ಕೆಪಾಸಿಟರು ಗಲಾಟೆಯನ್ನು ಕೂಡಿಡುತ್ತಿತ್ತು. ಮೊಬೈಲಿನ ಕೂಗು ತಪ್ಪಿಸಲೆಂದು ನಾನೇ ಬೋರ್ಡನ್ನು ಕೆಳಗೆ ಒಯ್ದಿದ್ದರಿಂದ ವೈರಿನಲ್ಲಿ ಬರುತ್ತಿದ್ದದ್ದು ಬಲವಿಲ್ಲದ ಕರೆಂಟು, ಅದಕ್ಕೂ ಬೇಲಿಯ ಹನಿಗೂ ಬೋರ್ಡಿಗೆ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಹುಡುಕಿದ್ದು ಸಿಕ್ಕಿತೆಂದು ಖುಷಿಯಾಗಬೇಕಿತ್ತು. ಆಗಲಿಲ್ಲ. ಇಷ್ಟು ದಿನ ಯಾವ ತಪ್ಪೂ ಮಾಡದ ಬೋರ್ಡನ್ನು ನಾನು ಮತ್ತೆ ಮತ್ತೆ ಬಿಚ್ಚಿ ಹಿಂಸೆ ಮಾಡಿದೆನಲ್ಲ ಎಂದು ಮೈ ಉರಿಯಿತು.

ಮರುದಿನ ಇಬ್ಬರೂ ಸೇರಿ ವೈರನ್ನು ಬೇಲಿಯಿಂದ ಬಿಚ್ಚಿದೆವು. ಗದ್ದೆಯ ಆ ಕಡೆಯ ಬದುವನ್ನು ಅಗೆದು, ಹಳೆಯ ಕಪ್ಪು ಪೈಪಿನೊಳಗೆ ಹೊಸ ವೈರು ಹಾಕಿ ಹೂತೆವು. ಬೋರ್ಡನ್ನು ಡಬ್ಬಿ ಸಮೇತ ಟಾಂಕಿಯ ಹತ್ತಿರ ತಂದು, ಮೊಬೈಲಿನಿಂದ ನಾಲ್ಕು ಮಾರು ದೂರ ಕೂರಿಸಿದೆ. ಈಗ ಕೆಳಗೆ ಹೋಗುವುದು ರಿಲೇಯಿಂದ ಹೊರಟ ಗಟ್ಟಿ ಕರೆಂಟು. ಸಂಜೆ ಬೇಲಿ ಹಾಕಿ ಕೂತೆವು. ಪಂಪು ಸುಮ್ಮನಿತ್ತು. ಕರೆ ಮಾಡಿದರೆ ಶುರುವಾಯಿತು, ಮತ್ತೆ ಮಾಡಿದರೆ ನಿಂತಿತು. ಮುಂದಿನ ಸಂಜೆಗಳಲ್ಲೂ ಹಾಗೇ ಇತ್ತೆಂದು ತಂಗಿ ಫೋನಿನಲ್ಲಿ ಹೇಳಿದಳು. ಯುಗಾದಿ ಹತ್ತಿರ ಬಂದಿತ್ತು. ಅವಳು ಶಾಲೆಗೆ ಹೋದಳು.

ಮೊದಲ ದಿನ ಮಧ್ಯಾಹ್ನವೇ ಫೋನು. "ಅಣ್ಣಾ, ಕೈಕೊಟ್ತು. ಕರೆ ಹೋಗ್ತದೆ, ಕರೆಂಟೂ ಅದೆ, ಪಂಪು ಏಳೂದಿಲ್ಲ ಅಂತ ಅತ್ತೆ ಪಕ್ಕದ ಗದ್ದೆಯವನ ಹತ್ರ ಹೇಳಿ ಕಳ್ಸಿದ್ರು. ಗದ್ದೆಗೆ ಇವತ್ತು ನೀರಿಲ್ಲ."

ನಾನು ಮೇಜಿನ ಮೇಲೆ ಬಿಚ್ಚಿಟ್ಟಿದ್ದ ಮೊಬೈಲನ್ನು ಹಾಗೇ ಬಿಟ್ಟು ಮತ್ತೆ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಬೋರ್ಡಿನ ಒಂದೊಂದು ಬೆಸುಗೆಯನ್ನೂ ಮನಸ್ಸಿನಲ್ಲಿ ಮುಟ್ಟಿ ನೋಡಿದೆ. ಹಳ್ಳಕ್ಕಿಳಿದು ನೋಡಿದರೆ ಮೇನ್ ಸ್ವಿಚ್ಚಿನ ಹಿಡಿ ಕೆಳಗಿದೆ.

ಅದನ್ನು ಮುಟ್ಟದೆ ಮೇಲೆ ಬಂದು ಜಗುಲಿಯಲ್ಲಿ ಕೂತೆ. ತಂಗಿ ಶಾಲೆಯಿಂದ ಬಂದಳು, ಭಾವ ಟೆಂಪೋದಿಂದ ಬಂದ.

"ಮೇನ್ ಇಳಿಸಿದ್ದು ಯಾರು?" ಎಂದೆ.

"ನಾನೇ" ಎಂದ, ಅಂಗಿ ಬಿಚ್ಚುತ್ತ. "ಮನೇಲಿ ನೋಡೂವವ್ರು ಯಾರೂ ಇಲ್ಲ ಅಂತ ಹೋಗೂವಾಗ ಇಳಿಸ್ದೆ. ಅದು ಯಾವಾಗ ಎಂತ ಮಾಡ್ತದೆ ಹೇಳೂಕೆ ಬರೂದಿಲ್ಲ."

"ಅದು ಈಗ ಎಂತೂ ಮಾಡೂದಿಲ್ಲ ಭಾವ. ವೈರು ಬೇಲಿಯಿಂದ ದೂರ ಮಾಡಿಯಾತು."

"ಹಿಂದೆಯೂ ನೀವು ಹಾಂಗೇ ಹೇಳಿದ್ರಿ. ಮೀನು ಬಡಿಸಿದ್ದೆ ನಾನು."

ವೈರಿನ ಗಲಾಟೆಯನ್ನು ಹುಡುಕಿ ತೆಗೆದಿದ್ದೆ. ಅವನ ಈ ಅನುಮಾನವನ್ನು ಯಾವ ಡಬ್ಬಿಯಲ್ಲಿ ಮುಚ್ಚುವುದು. ಎದ್ದು ಚೀಲ ತೆಗೆದುಕೊಂಡೆ. ತಂಗಿ ಚೀಲ ಕಿತ್ತು ಒಳಗಿಟ್ಟಳು.

"ಕೂತ್ಕೋ ಅಣ್ಣ" ಎಂದವಳು ಗಂಡನ ಕಡೆ ತಿರುಗಿದಳು. "ನೀವೂ ಕೇಳಿ. ನಾಳೆ ನಾನು ಶಾಲೆಗೆ ಹೋಗ್ತೆ. ನಾಡಿದ್ದೂ ಹೋಗ್ತೆ. ಹಳ್ಳಕ್ಕೆ ಇಳಿಯೂದಿಲ್ಲ. ಮೇನ್ ಮೇಲಿದ್ರೆ ಗದ್ದೆಗೆ ನೀರು ಬತ್ತದೆ. ಕೆಳಗಿದ್ರೆ ಬದನೆ ಒಣಗ್ತದೆ, ಒಣಗ್ಲಿ. ನಾನು ನೋಡೂದಿಲ್ಲ."

"ಮೋಟಾರು ಸುಟ್ಟೋದ್ರೆ?"

"ಸುಡ್ಲಿ, ಮೋಟಾರಾದ್ರೆ ಮತ್ತೆ ಕಟ್ಟಿಸ್ಬಹುದು. ನನ್ನ ಕೆಲ್ಸ ಸುಟ್ಟೋದ್ರೆ ಯಾರೂ ಕಟ್ಟಿಸಿ ಕೊಡೂದಿಲ್ಲ."

ರಾತ್ರಿಯ ಊಟದಲ್ಲಿ ಮೀನಿತ್ತು, ಬೇಕಾದವರು ಕೈಯಾರೆ ಹಾಕಿಕೊಂಡೆವು.

ಬೆಳಕು ಹರಿಯುವ ಮೊದಲು ಭಾವ ಹಳ್ಳದ ಕಡೆ ಇಳಿದು ಹೋದದ್ದು, ಸ್ವಲ್ಪ ಹೊತ್ತಿಗೆ ಮೇಲೆ ಬಂದದ್ದು, ಟೆಂಪೋ ಹೊರಟದ್ದು ನನಗೆ ಮಲಗಿದಲ್ಲೇ ಕೇಳಿಸಿತು. ಹಿಡಿಯನ್ನು ಏರಿಸಿದನೋ ಹಾಗೇ ಬಿಟ್ಟನೋ ಗೊತ್ತಿಲ್ಲ. ಎದ್ದು ಹೋಗಿ ನೋಡಬಹುದಿತ್ತು. ನೋಡಲಿಲ್ಲ. ನನ್ನ ಕೆಲಸ ನಾನು ಮಾಡಿದ್ದೆ, ಅವನ ಕೆಲಸವನ್ನು ನಾನು ಪರೀಕ್ಷೆ ಮಾಡುವುದಿಲ್ಲ ಎಂಬ ಹಟ. ತಂಗಿಯೂ ನೋಡಲಿಲ್ಲ. ತಲೆ ಬಾಚಿಕೊಂಡು, ಟಿಫಿನ್ ಡಬ್ಬಿ ಹಿಡಿದುಕೊಂಡು, ಹಳ್ಳದ ಕಡೆ ತಿರುಗದೆ ಶಾಲೆಗೆ ಹೋದಳು.

ನಾನು ಅತ್ತೆಯ ಕೋಣೆಯ ಬಾಗಿಲಲ್ಲಿ ಕೂತೆ. ಅವರು ರೇಡಿಯೋ ಹಾಕಿಕೊಂಡಿದ್ದರು. ಹೊತ್ತು ಏರಿತು. ಗೋಡೆಯ ಮೇಲಿನ ಮೂರು ಸಣ್ಣ ದೀಪಗಳು ಒಟ್ಟಿಗೆ ಹತ್ತಿದವು. ತ್ರೀಫೇಸ್ ಬಂತು. ಸ್ವಲ್ಪ ಹೊತ್ತಿಗೆ ರೇಡಿಯೋ ಒಂದು ಸಲ ಬಡಬಡ ಎಂದಿತು.

"ಕರೆ ಬಂತು ತಮಾ" ಎಂದರು ಅತ್ತೆ.

ಬಿಂದಿಗೆ ತುಂಬುವಷ್ಟು ಹೊತ್ತು ಕಾಯಬೇಕಿತ್ತು. ಅದನ್ನು ಅಷ್ಟು ದೊಡ್ಡದು ಮಾಡಿದವನು ನಾನೇ. ಅತ್ತೆ ರೇಡಿಯೋದ ದನಿ ಇಳಿಸಿದರು. ಹಳ್ಳದ ಕಡೆಯಿಂದ ಧಡ್ ಎಂದಿತು. ಆಮೇಲೆ ಹಿಂದಿನ ಟಾಂಕಿಗೆ ನೀರು ಬಿತ್ತು, ಮೊದಲು ಉಗುಳಿದ ಹಾಗೆ, ಆಮೇಲೆ ಒಂದೇ ಸಮನೆ.

ನೋಡಲೆಂದು ಟಾಂಕಿಯ ಹತ್ತಿರ ಓಡಿದೆ. ಅಲ್ಲಿ ರೇಂಜ್ ಸಿಕ್ಕ ಕೂಡಲೇ ನನ್ನ ಜೇಬಿನ ಮೊಬೈಲು ಹೊಡೆದುಕೊಂಡಿತು. ತಂಗಿಯ ದನಿಯ ಹಿಂದೆ ಪಾತ್ರೆಗಳ ಸದ್ದು, ಹೆಂಗಸರ ನಗು, ಮಕ್ಕಳ ಗದ್ದಲ.

"ಅಣ್ಣಾ, ಬಿತ್ತಾ? ಬೇಗ ಹೇಳು, ಸಾರಿಗೆ ಒಗ್ಗರಣೆ ಹಾಕೂದದೆ."

"ಬಿತ್ತು" ಎಂದೆ.

"ಆತು" ಎಂದು ಫೋನಿಟ್ಟಳು.